ಹೂಂ ನಿಂತ ಜಾಗ

ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ, ಅದು ಹೆಚ್ಚಿಲ್ಲ. ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆಗ ನಾನು ಮಂಡ್ಯದ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ನನ್ನ ಹೆಂಡತಿ ಒಂದು ಭಾನುವಾರ ಬೆಳಿಗ್ಗೆ ಚಳಿಜ್ವರದಲ್ಲಿ ತೀರಿಕೊಂಡಳು. ಅವಳ ಜೀವ ಹೋಗುವಾಗ ನಾನು ಮನೆಯಲ್ಲಿರಲಿಲ್ಲ. ಎರಡು ಬೀದಿ ಆಚೆ, ಸಕ್ಕರೆ ಕಾರ್ಖಾನೆಯ ಕೆಮಿಸ್ಟರೊಬ್ಬರ ಮನೆಯ ಹಜಾರದಲ್ಲಿ, ಏಳೆಂಟು ಜನರ ಎದುರು ಕೂತು ನನ್ನದೇ ಒಂದು ಕತೆ ಓದುತ್ತಿದ್ದೆ.

ಇಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟರೂ ನೆಲ ಗಟ್ಟಿಯಿಲ್ಲ. ಆ ಬೆಳಿಗ್ಗೆಯನ್ನು ನಾನು ಮೂರು ಸಲ ಕತೆಯಾಗಿ ಬರೆದಿದ್ದೇನೆ. ಒಂದರಲ್ಲಿ ಹೊರಗೆ ಮೋಡ ಕವಿದಿತ್ತು, ಇನ್ನೊಂದರಲ್ಲಿ ಬಿಸಿಲು ಸುಡುತ್ತಿತ್ತು. ಯಾವುದು ನಿಜವೆಂದು ಈಗ ಯಾರಾದರೂ ಕೇಳಿದರೆ, ಎರಡೂ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ. ಬರೆದದ್ದು ನೆನಪಿನ ಮೇಲೆ ಬಂದು ಕೂತುಬಿಡುತ್ತದೆ. ಅದನ್ನು ಎಬ್ಬಿಸಿ ಕೆಳಗೆ ಏನಿತ್ತೆಂದು ನೋಡುವುದು ನನ್ನಿಂದ ಆಗಿಲ್ಲ. ಆದ್ದರಿಂದ ಆ ಮೂರು ಬರಹಗಳನ್ನು ಕೇಳಿದವರ ಬಗ್ಗೆ ಬರೆಯುತ್ತೇನೆ. ಅವರನ್ನು ನಾನು ಯಾವ ಕತೆಗೂ ಹಾಕಿಕೊಂಡಿಲ್ಲ. ಅವರ ನೆನಪಾದರೂ ಅಷ್ಟಾಗಿ ಕೆಟ್ಟಿರಲಾರದು.

ಅವಳ ಕಾರ್ಯಗಳೆಲ್ಲ ಮುಗಿದ ಮೇಲೆ ಅರ್ಜಿ ಹಾಕಿ ಮಳವಳ್ಳಿಗೆ ವರ್ಗ ಮಾಡಿಸಿಕೊಂಡೆ. ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಷ್ಟೇ. ಸಿಕ್ಕಿದ್ದು ರೇಷ್ಮೆಹುಳು ಸಾಕುವ ಮನೆಯೊಂದರ ಬೀದಿ ಬದಿಯ ಕೋಣೆ. ಹುಳು ಮೇಯುವ ದಿನಗಳಲ್ಲಿ ಹೊರಗಿನವರು ಒಳಮನೆಗೆ ಕಾಲಿಡಬಾರದು, ಹುಳುವಿಗೆ ರೋಗ ತಗಲುತ್ತದೆ ಎಂಬುದು ಆ ಮನೆಯವರ ಕಟ್ಟುನಿಟ್ಟು. ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಮನೆಯ ಯಜಮಾನಿ ಹೊಸಿಲಿನ ಆಚೆಯಿಂದಲೇ, "ಮೇಷ್ಟ್ರೆ, ಸಾರು ಮಡಗಿವ್ನಿ, ತಕ್ಕಳಿ" ಎಂದು ಬಟ್ಟಲು ಸರಿಸಿ ಹೋಗಿಬಿಡುತ್ತಿದ್ದರು. ಒಳ್ಳೆಯ ಹೆಂಗಸು. ಆದರೆ ಎಂಟು ವರ್ಷದಲ್ಲಿ ನಾನು ಆ ಮನೆಯ ನಡುಮನೆಯನ್ನು ನೋಡಿದ್ದು ಎರಡೇ ಸಲ. ಗೋಡೆಯಾಚೆ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಈಚೆ ನಾನು ಕೂತು ಬರೆಯುತ್ತಿದ್ದೆ.

ಹದಿನೈದು ದಿನಕ್ಕೊಮ್ಮೆ ಮಂಡ್ಯಕ್ಕೆ ಹೋಗುತ್ತಿದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಛತ್ರದಲ್ಲಿ ಮಲಗಿದ್ದು, ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕೆಮಿಸ್ಟರ ಮನೆಯ ಅದೇ ಹಜಾರಕ್ಕೆ. ಅದೇ ಹಜಾರಕ್ಕೆ ಹೇಗೆ ಹೋಗುತ್ತಿದ್ದೆ ಎಂದು ಯಾರಾದರೂ ಕೇಳಬಹುದು. ನನಗೂ ಗೊತ್ತಿಲ್ಲ. ಲೋಕದಲ್ಲಿ ಬೇರೆಲ್ಲಿಯೂ ನನಗಾಗಿ ಯಾರೂ ಕಾಯುತ್ತಿರಲಿಲ್ಲ, ಅಷ್ಟು ಮಾತ್ರ ಗೊತ್ತು.

ಅಲ್ಲಿ ಸೇರುತ್ತಿದ್ದವರು ಕಾರ್ಖಾನೆಯ ಮೂರ್ನಾಲ್ಕು ಜನ, ಇಬ್ಬರು ಮೇಷ್ಟ್ರುಗಳು, ಒಬ್ಬರು ವಕೀಲರು. ಕಿಟಕಿಯಿಂದ ಕಾರ್ಖಾನೆಯ ಕಾಕಂಬಿಯ ಹುಳಿವಾಸನೆ ಬರುತ್ತಿತ್ತು. ಕೆಮಿಸ್ಟರ ಮನೆಯವರು ಉಪ್ಪಿಟ್ಟು, ಕಾಫಿ ಕಳಿಸುತ್ತಿದ್ದರು. ಒಬ್ಬರು ಓದುವುದು, ಉಳಿದವರು ಮೆಚ್ಚುವುದು. ಎಲ್ಲರೂ ಸಜ್ಜನರು, ನನ್ನ ಮೇಲೆ ನಿಜವಾದ ಅಕ್ಕರೆ ಇದ್ದವರು. ವಕೀಲರಂತೂ ಪ್ರತಿ ಸಲವೂ ಕನ್ನಡಕ ತೆಗೆದು ಒರೆಸಿಕೊಂಡು, "ಬಹಳ ನೈಜವಾಗಿದೆ ಮೇಷ್ಟ್ರೆ" ಎನ್ನುತ್ತಿದ್ದರು. ನಾನು ಏನು ಓದಿದರೂ ನೈಜವಾಗಿರುತ್ತಿತ್ತು. ಹೆಂಡತಿ ಸತ್ತ ಒಂಟಿ ಮನುಷ್ಯ ಇಷ್ಟು ದೂರದಿಂದ ಬಂದಿದ್ದಾನೆ, ಒಂದು ಒಳ್ಳೆಯ ಮಾತಾಡಿ ಕಳಿಸೋಣ ಎಂದು ಅವರು ಅಂದುಕೊಂಡಿದ್ದರೆ ತಪ್ಪೇನು? ಆ ಮಾತಿಗಾಗಿಯೇ ನಾನು ಹೋಗುತ್ತಿದ್ದುದು.

ಯುದ್ಧ ಜೋರಾಗಿ ಪೆಟ್ರೋಲು ಸಿಗದಂತಾದ ಮೇಲೆ ಮಳವಳ್ಳಿ ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಡ್ರಮ್ಮು ಬಂತು. ಇದ್ದಿಲು ಹೊತ್ತಿ, ಹೊಗೆ ಕಳೆದು, ಇಂಜಿನ್ನು ಓಡಿಸುವ ಗ್ಯಾಸು ಏಳುವತನಕ ಪಕ್ಕದಲ್ಲಿದ್ದ ಗಾಳಿಚಕ್ರವನ್ನು ಕೈಯಿಂದ ತಿರುಗಿಸುತ್ತಿರಬೇಕು. ಅರ್ಧ ಗಂಟೆ, ಇದ್ದಿಲು ಹಸಿಯಾಗಿದ್ದರೆ ಒಂದು ಗಂಟೆ. ಮದ್ದೂರಿನಲ್ಲಿ ಆ ಕೆಲಸ ಮಾಡುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಸಾಬರು. ಮೊದಲು ಮೆಕ್ಯಾನಿಕ್ಕಾಗಿದ್ದವರು. ಗಡ್ಡದಲ್ಲಿ ಬಿಳಿ ಎಷ್ಟು, ಬೂದಿ ಎಷ್ಟು ಎಂದು ಹೇಳಲಾಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಂಡ್ಯದಿಂದ ವಾಪಸು ಬಂದು ಬಸ್ಸಿಗೆ ಕಾಯುತ್ತ, ಅವರ ಹತ್ತಿರವೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ನನ್ನ ಹಾಳೆಗಳನ್ನು ತಿರುವಿಹಾಕುತ್ತಿದ್ದೆ.

"ಏನ್ ಮೇಷ್ಟ್ರೆ ಅದು, ಕೋರ್ಟ್ ಕಾಗದವಾ?" ಎಂದು ಅವರು ಕೇಳಿದರು.

"ಅಲ್ಲ ಸಾಬ್ರೆ. ಕತೆ. ನಾನೇ ಬರೆದದ್ದು."

"ಯಾರಿಗೆ ಹೇಳ್ತೀರಿ?"

"ಪತ್ರಿಕೆಗೆ ಕಳಿಸ್ತೀನಿ. ಓದೋರು ಓದ್ಕೋತಾರೆ."

ಅವರು ಚಕ್ರ ನಿಲ್ಲಿಸದೆ ನಕ್ಕರು. "ಹೂಂ ಅನ್ನೋರೇ ಇಲ್ದೆ ಕತೆ ಹೆಂಗೆ ಮುಂದಕ್ಕೆ ಹೋಗ್ತದೆ? ಓದಿ, ನಾನು ಹೂಂ ಅಂತೀನಿ. ಕೆಲಸ ಇರೋದು ಕೈಗೆ. ಕಿವಿ ಖಾಲಿ ಅದೆ."

ನಮ್ಮ ಕಡೆ ಯಾವ ಮನೆಯಲ್ಲಿ ಕತೆ ಹೇಳಿದರೂ ಕೇಳುವವರಲ್ಲಿ ಒಬ್ಬರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ಆಗ ಅದನ್ನು ಮಕ್ಕಳಿಗೆ ನಿದ್ದೆ ಬಂತೋ ಎಂದು ತಿಳಿಯುವ ಉಪಾಯ ಎಂದುಕೊಂಡಿದ್ದೆ. ಅಕ್ಷರ ಕಲಿತು, ಇಂಗ್ಲಿಷ್ ಕತೆಗಳನ್ನು ಓದಿ, ಹೊಸ ರೀತಿಯಲ್ಲಿ ಬರೆಯುತ್ತೇನೆಂದು ಹೊರಟ ಮೇಲೆ ಅದು ನೆನಪಿನಿಂದಲೇ ಹೋಗಿತ್ತು.

ಓದಿದೆ. ಬಸರಾಳು ಕಡೆಯ ಒಬ್ಬ ರೈತನ ಕತೆ. ಪ್ರತಿ ವಾಕ್ಯದ ಕೊನೆಗೆ ಒಂದು ಹೂಂ, ಚಕ್ರದ ಕಿರುಗುಟ್ಟುವಿಕೆಗೆ ಹೊಂದಿಕೊಂಡಂತೆ ಬರುತ್ತಿತ್ತು. ಮೂರನೆಯ ಹಾಳೆಯಲ್ಲಿ ರೈತ ನೆತ್ತಿಯ ಮೇಲಿನ ಸೂರ್ಯನನ್ನು ನೋಡುತ್ತ ತನ್ನ ಬಾಳಿನ ಬಗ್ಗೆ ಯೋಚಿಸುವ ಒಂದು ಉದ್ದನೆಯ ವಾಕ್ಯವಿತ್ತು. ಮಂಡ್ಯದಲ್ಲಿ ಎಲ್ಲರೂ ತಲೆದೂಗಿದ ವಾಕ್ಯ. ಅದನ್ನು ಮುಗಿಸಿದೆ. ಹೂಂ ಬರಲಿಲ್ಲ. ಬೆಂಕಿ ನೋಡುತ್ತಿದ್ದಾರೆ ಎಂದುಕೊಂಡು ಮತ್ತೊಮ್ಮೆ ಓದಿದೆ. ಆಗಲೂ ಬರಲಿಲ್ಲ.

"ಏನು ಸಾಬ್ರೆ, ಹೂಂ ನಿಲ್ಲಿಸಿದಿರಿ?"

"ನಾನು ನಿಲ್ಲಿಸ್ಲಿಲ್ಲ ಮೇಷ್ಟ್ರೆ. ಬರ್ಲಿಲ್ಲ."

"ಯಾಕೆ?"

"ಎತ್ತು ಬೆಳಿಗ್ಗೆಯಿಂದ ಉಳ್ತಾ ಅವೆ. ನೆತ್ತಿ ಮೇಲೆ ಸೂರ್ಯ ಬಂದವ್ನೆ. ಇವನು ಎತ್ತು ಬಿಚ್ಚಲಿಲ್ಲ, ನೀರು ಕುಡಿಸಲಿಲ್ಲ, ಮೇಲೆ ನೋಡ್ಕೊಂಡು ನಿಂತವ್ನೆ."

ಗಂಟು ಇಟ್ಟುಕೊಂಡು ಬಸ್ಸಿಗೆ ಕಾದು ಕೂತಿದ್ದ ಹೆಂಗಸೊಬ್ಬಳು ಅಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದವಳು ಬಾಯಿ ಹಾಕಿದಳು. "ಅಂಗೇ ನಿಂತಿದ್ರೆ ಎತ್ತು ಇವ್ನ ಬುಟ್ಟು ತಾವೇ ಮನೀಗೋಯ್ತವೆ ಕಣಪ್ಪ. ಅದ್ಸರಿ, ಬಸ್ಸು ಒಂಟಾತದೋ, ಈ ಮೇಷ್ಟ್ರು ಕತೆ ಮುಗಿಯಗಂಟ ಇಲ್ಲೇ ಕೂರ್ಬೇಕೋ?"

"ಇದ್ದಿಲು ಹೊತ್ಬೇಕಲ್ಲಕ್ಕ," ಎಂದರು ಸಾಬರು.

"ನೀನು ಕತೆ ಕೇಳ್ತಾ ಕೂತ್ರೆ ಅದೂ ಕೇಳ್ತಾ ಕೂತ್ಕತದೆ."

ಆವತ್ತು ಬಸ್ಸಿನಲ್ಲಿ ಕೂತು ಆ ವಾಕ್ಯದ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟೆ. ಸಿಟ್ಟಿನಿಂದ ಇಟ್ಟೆ ಎಂದು ನೆನಪು. ಆಮೇಲೆ ಅದೇ ನನ್ನ ಕೆಲಸದ ಕ್ರಮವಾಯಿತು. ಮಂಡ್ಯದಲ್ಲಿ ಓದಿದ ಹಾಳೆಗಳನ್ನೇ ಮದ್ದೂರಿನಲ್ಲಿ ಓದುವುದು, ಹೂಂ ಬರದ ಕಡೆ ಚುಕ್ಕಿ ಇಡುವುದು, ಮಳವಳ್ಳಿಯ ಕೋಣೆಯಲ್ಲಿ ಕೂತು ಆ ಜಾಗಗಳನ್ನು ಬಿಚ್ಚಿ ನೋಡುವುದು. ಕೆಲವು ಚುಕ್ಕಿಗಳಿಗೆ ಕಾರಣ ಹೇಳುತ್ತಿದ್ದರು, ಕೆಲವಕ್ಕೆ "ಗೊತ್ತಿಲ್ಲ, ಬರ್ಲಿಲ್ಲ" ಎನ್ನುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನ್ನನ್ನು ನೋಯಿಸಬೇಕೆಂಬ ಇಚ್ಛೆಯಾಗಲಿ, ತಿದ್ದಬೇಕೆಂಬ ಹಮ್ಮಾಗಲಿ ಇರಲಿಲ್ಲ. ಒಂದು ವರ್ಷದ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಇಷ್ಟು: ನಾನು ಹೆಮ್ಮೆಪಟ್ಟುಕೊಂಡ ಕಡೆಯಲ್ಲೆಲ್ಲ ಚುಕ್ಕಿ ಇತ್ತು. ಬರೆದದ್ದೇ ನೆನಪಿಲ್ಲದ ಕಡೆಗಳಲ್ಲಿ ಹೂಂ ಬಂದಿತ್ತು.

ಇಲ್ಲಿ ನಿಲ್ಲಿಸಿದರೆ ಇದು ಒಬ್ಬ ಅಕ್ಷರ ಬಾರದ ಗುರುವಿನ ಚಂದದ ಕತೆಯಾಗುತ್ತದೆ. ಆದರೆ ನಾನು ಅವರನ್ನು ಕೆಡಿಸಿದೆ. ಅದನ್ನು ಬರೆಯಲೇಬೇಕು.

ಹೆಂಡತಿಯ ಸಾವಿನ ಕತೆಯನ್ನು ಬರೆದದ್ದು ಆ ದಿನಗಳಲ್ಲಿ. ಕತೆಯ ಗಂಡ ಕಾಯಿಲೆಯ ಹೆಂಡತಿಯ ಪಕ್ಕದಲ್ಲಿ ಮೂರು ಹಗಲು, ಮೂರು ರಾತ್ರಿ ಕೈ ಬಿಡದೆ ಕೂತಿರುತ್ತಾನೆ. ಕೊನೆಗೆ ಅವಳು ಒಂದು ಮಾತು ಹೇಳಿ ಕಣ್ಣು ಮುಚ್ಚುತ್ತಾಳೆ. ಮಂಡ್ಯದಲ್ಲಿ ಓದಿ ಮುಗಿಸಿದಾಗ ಬಾಗಿಲಲ್ಲಿ ನಿಂತಿದ್ದ ಕೆಮಿಸ್ಟರ ಮನೆಯವರು ಸೆರಗಿನಿಂದ ಕಣ್ಣೊತ್ತಿಕೊಂಡರು. ವಕೀಲರು ಕನ್ನಡಕ ಒರೆಸುತ್ತ, "ಬಹಳ ನೈಜವಾಗಿದೆ. ಹತ್ತಿರ ಕೂತು ನೋಡಿದವರು ಮಾತ್ರ ಬರೆಯಬಲ್ಲ ಕತೆ" ಎಂದರು.

ಅವಳು ಸತ್ತ ಬೆಳಿಗ್ಗೆ, ಅದೇ ಹಜಾರದಲ್ಲಿ, ನನಗೆ ನೇರ ಎದುರು ಕೂತಿದ್ದವರು ಇದೇ ವಕೀಲರು. ನಾನು ಎಲ್ಲಿದ್ದೆನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಮುಖ ಬೇರೆ ಮಾಡಲಿಲ್ಲ.

ಆ ಮಧ್ಯಾಹ್ನ ಮದ್ದೂರಿನಲ್ಲಿ ಓದಿದೆ. 'ಮೂರು ಹಗಲು ಅವನು ಅವಳ ಕೈ ಬಿಡಲಿಲ್ಲ' ಎಂಬಲ್ಲಿ ಹೂಂ ನಿಂತಿತು. ನಾನು ತಲೆಯೆತ್ತಲಿಲ್ಲ. ಅವರೇ ಹೇಳಿದರು.

"ಕೈ ಬಿಡ್ಲೇ ಇಲ್ಲ ಅಂದ್ರೆ ನೀರು ಕಾಯಿಸ್ದೋರ್ಯಾರು ಮೇಷ್ಟ್ರೆ? ಆಯಮ್ಮನ ಬಟ್ಟೆ ಬದಲಾಯಿಸ್ದೋರ್ಯಾರು? ಜ್ವರ ಬಿದ್ದ ಮನೇಲಿ ಕೂತ್ಕೊಳಕ್ಕೆ ಹೊತ್ತೆಲ್ಲಿ ಇರ್ತದೆ? ಇವನು ಆ ಮನೇಲಿ ಇದ್ದವನಲ್ಲ ಬಿಡಿ."

"ಇದು ನನ್ನ ಮನೆಯಲ್ಲೇ ಆದದ್ದು ಸಾಬ್ರೆ," ಎಂದೆ. "ಸತ್ತವಳು ನನ್ನ ಹೆಂಡತಿ."

ಚಕ್ರ ನಿಂತಿತು. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, "ತಪ್ಪಾಯ್ತು ಮೇಷ್ಟ್ರೆ. ನಂಗೆ ಗೊತ್ತಿರ್ಲಿಲ್ಲ. ಓದಿ," ಎಂದರು.

ಓದಿದೆ. ನಾಚಿಕೆಯಿಲ್ಲದೆ ಆ ವಾಕ್ಯವನ್ನೇ ಮತ್ತೊಮ್ಮೆ ಓದಿದೆ. "ಹೂಂ" ಎಂದರು. ಮುಂದಿನದಕ್ಕೂ ಹೂಂ, ಅದರ ಮುಂದಿನದಕ್ಕೂ ಹೂಂ. ಕೊನೆಯ ಹಾಳೆಯವರೆಗೆ ಒಂದು ಕಡೆಯೂ ತಪ್ಪಲಿಲ್ಲ. ಚಕ್ರದ ಲಯಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಹೂಂಗಳಷ್ಟು ಕೆಟ್ಟ ಸದ್ದನ್ನು ನಾನು ಬೇರೆ ಕೇಳಿಲ್ಲ. ಮಂಡ್ಯದ ಹಜಾರದಲ್ಲಿ ಏಳೆಂಟು ಜನ ಸೇರಿ ಮಾಡುತ್ತಿದ್ದುದನ್ನು ಈಗ ಒಬ್ಬರೇ ಮಾಡುತ್ತಿದ್ದರು, ಮತ್ತು ಅವರಿಂದ ಅದನ್ನು ಮಾಡಿಸಿದವನು ನಾನು. ನನ್ನ ದುಃಖವನ್ನು ಅವರ ಬಾಯಿಗೆ ಬಟ್ಟೆಯ ಹಾಗೆ ತುರುಕಿದ್ದೆ.

ಕತೆ ಪತ್ರಿಕೆಯಲ್ಲಿ ಅಚ್ಚಾಯಿತು. ಗುರುತಿಲ್ಲದವರ ಕಾಗದಗಳು ಬಂದವು. ಒಬ್ಬಾಕೆ, ನಿಮ್ಮಂಥ ಗಂಡನನ್ನು ಪಡೆದವಳು ಪುಣ್ಯವಂತೆ ಎಂದು ಬರೆದಿದ್ದಳು. ಅದನ್ನು ಎಷ್ಟು ಸಲ ಓದಿದೆನೆಂದು ಹೇಳಲಾರೆ. ಕೆಲವು ದಿನ ಅದು ನನ್ನನ್ನೇ ಕುರಿತದ್ದು ಎಂಬಂತೆ ಓದಿದ್ದುಂಟು. ಅವಳ ಬಿಸಿ ಕೈ ನನ್ನ ಕೈಯಲ್ಲಿದ್ದಂತೆ ನೆನಪಾಗತೊಡಗಿತು. ಕತೆಯಲ್ಲಿ ಮಾತ್ರ ಇದ್ದ ಕೈ ಅದು.

ಸುಮಾರು ಒಂದು ವರ್ಷ ನಾನು ಮದ್ದೂರಿನಲ್ಲಿ ಬಸ್ಸಿನ ಹತ್ತಿರ ಹೋಗಲಿಲ್ಲ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದು, ಹಾರನ್ ಕೇಳಿದ ಮೇಲೆ ಓಡಿಹೋಗಿ ಹತ್ತುತ್ತಿದ್ದೆ. ಕಿಟಕಿಯಿಂದ ಸಾಬರು ಕಾಣುತ್ತಿದ್ದರು. ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಆ ಒಂದು ವರ್ಷದಲ್ಲಿ ಬರೆದದ್ದರಲ್ಲಿ ಒಂದು ಚುಕ್ಕಿಯೂ ಇಲ್ಲ. ಈಗ ತೆಗೆದು ನೋಡಿದರೆ ಯಾವುದೂ ಓದಿಸಿಕೊಳ್ಳುವುದಿಲ್ಲ. ಮಂಡ್ಯಕ್ಕೆ ಹೋದ ಭಾನುವಾರ ಬಿಟ್ಟರೆ ಉಳಿದ ದಿನಗಳಲ್ಲಿ ಶಾಲೆಯ ಹುಡುಗರ ಹೊರತು ಯಾರೊಂದಿಗೂ ನಾಲ್ಕು ಮಾತು ಆಡುತ್ತಿರಲಿಲ್ಲ. ಹೊಸಿಲಿನಾಚೆಯಿಂದ ಸಾರಿನ ಬಟ್ಟಲು ಬರುತ್ತಿತ್ತು, ಹೋಗುತ್ತಿತ್ತು.

ಎರಡನೆಯ ಸಲ ಬರೆದದ್ದು ಯಾಕೆಂದು ಗೊತ್ತಿಲ್ಲ. ಪಶ್ಚಾತ್ತಾಪ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದ್ದರಿಂದಲೇ ಅನುಮಾನ. ಅಂತೂ ಬರೆದೆ. ಇದರಲ್ಲಿ ಗಂಡ ಮನೆಯಲ್ಲಿಲ್ಲ, ಗೆಳೆಯರ ಮುಂದೆ ತನ್ನ ಕತೆ ಓದುತ್ತಿದ್ದಾನೆ. ಹಾಳೆಗಳನ್ನು ಹಿಡಿದು ಪೆಟ್ಟಿಗೆಯ ಮೇಲೆ ಹೋಗಿ ಕೂತೆ.

"ಕತೆ ಬೇಡ ಮೇಷ್ಟ್ರೆ," ಎಂದರು ಸಾಬರು. "ಹೂಂ ಅನ್ನು ಅಂದ್ರೆ ಅಂತೀನಿ. ಅದಕ್ಕೇನಂತೆ."

"ಬರದ ಕಡೆ ಬರದೇ ಇರಲಿ."

"ಆಮೇಲೆ ನಮ್ಮನೇಲಿ ಆದದ್ದು ಅಂತೀರಿ."

"ಅನ್ನಲ್ಲ."

"ಯಾರೂ ಸತ್ತಿಲ್ವಾ ಇದ್ರಲ್ಲಿ?"

"ಅವಳೇ ಸಾಯ್ತಾಳೆ. ಅದೇ ಕತೆ. ಮತ್ತೆ ಬರೆದಿದ್ದೀನಿ."

ಅವರು ನನ್ನನ್ನು ಒಂದು ಗಳಿಗೆ ನೋಡಿ, ಚಕ್ರಕ್ಕೆ ಕೈ ಹಾಕಿದರು. ಮೊದಲ ಹಾಳೆಗೆ ಹೂಂ ಬಂತು, ಎರಡನೆಯದಕ್ಕೂ ಬಂತು. ಹಳೆಯ ಹೂಂ, ಚಕ್ರದ ಜೊತೆ ಏರಿ ಇಳಿಯುವಂಥದ್ದು. ಕತೆಯಲ್ಲಿ ಪಕ್ಕದ ಮನೆಯ ಗೌಡರು ಜಗಲಿಯ ಹತ್ತಿರ ಬಂದು ನಿಂತು, 'ಮೇಷ್ಟ್ರೆ, ವಸಿ ಮನೆ ತಕ ಬನ್ನಿ' ಎಂದು ಕರೆಯುತ್ತಾರೆ. ಹೂಂ. ಗೌಡರು ಜಗಲಿ ಹತ್ತದೆ ಅಲ್ಲೇ ನಿಂತಿರುತ್ತಾರೆ. ಹೂಂ. 'ಅವನು ಎದ್ದು ಮನೆಗೆ ಓಡಿದ' ಎಂದು ಓದಿದೆ.

ಚಕ್ರ ತಿರುಗುತ್ತಿತ್ತು. ಹೂಂ ಬರಲಿಲ್ಲ.

"ಹೇಳಿ," ಎಂದೆ.

"ಕೈಯಲ್ಲಿ ಕಾಗದ ಇತ್ತಲ್ಲ, ಅದನ್ನ ಏನ್ ಮಾಡ್ದ?"

"ಯಾವ ಕಾಗದ?"

"ಓದ್ತಾ ಇದ್ನಲ್ಲ. ಕೆಳಗೆ ಬಿಟ್ಟನಾ, ಮಡಚಿದನಾ, ಹಂಗೇ ಹಿಡ್ಕೊಂಡು ಓಡಿದನಾ? ಎಷ್ಟು ಓದೋದು ಉಳಿದಿತ್ತು ಇನ್ನೂ?"

ಅಷ್ಟರಲ್ಲಿ ಗ್ಯಾಸು ಎದ್ದಿತು, ಡ್ರೈವರು ಹಾರನ್ ಹೊಡೆದ, ಬಸ್ಸು ಹೊರಟಿತು. ದಾರಿಯ ಏರಿನಲ್ಲಿ ಎಂದಿನಂತೆ ಎಲ್ಲರೂ ಇಳಿದು ತಳ್ಳಿದೆವು. ಬಸ್ಸಿನ ಬೆನ್ನಿಗೆ ಎರಡೂ ಕೈ ಕೊಟ್ಟು ತಳ್ಳುತ್ತಿದ್ದಾಗ ನನಗೆ ನನ್ನ ಎಡಗೈ ಕಾಣಿಸಿತು. ಆ ಬೆಳಿಗ್ಗೆಯ ಎಡಗೈ. ಗೌಡರು ಕರೆದಾಗ ನಾನು ತಲೆಯೆತ್ತದೆ, ಸ್ವಲ್ಪ ತಡೆಯಿರಿ ಎಂದು ಆ ಕೈಯನ್ನು ಮೇಲೆತ್ತಿದ್ದೆ. ಎರಡು ಹಾಳೆ ಉಳಿದಿತ್ತು. ಓದಿ ಮುಗಿಸಿದೆ. ವಕೀಲರು ನೈಜವಾಗಿದೆ ಎನ್ನುವುದನ್ನು ಕೇಳಿಸಿಕೊಂಡೆ. ಹಾಳೆಗಳ ಅಂಚು ಸರಿಮಾಡಿ, ಮಡಚಿ, ಕೋಟಿನ ಜೇಬಿಗಿಟ್ಟು ಆಮೇಲೆ ಎದ್ದೆ. ಮನೆಗೆ ಹೋದಾಗ ಗೌಡರ ಹೆಂಡತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಇಷ್ಟೊತ್ತೂ ಬಾಗ್ಲನ್ನೇ ನೋಡ್ತಿದ್ಲು ಕಣಪ್ಪ. ಈಗ್ತಾನೆ," ಎಂದಳು.

ಗೌಡರ ಹೆಂಡತಿಯ ಮಾತು ನಿಜ. ಅದನ್ನು ನಾನು ಯಾವ ಕತೆಯಲ್ಲೂ ಬರೆದಿರಲಿಲ್ಲ, ಆದ್ದರಿಂದ ಅದು ಹಾಗೇ ಉಳಿದಿದೆ. ಆದರೆ ಎಡಗೈ? ಎರಡು ಹಾಳೆ? ಸಾಬರು ಕೇಳಿದ್ದರಿಂದ ಅದು ನೆನಪಾಯಿತೋ, ಅವರ ಪ್ರಶ್ನೆಗೆ ಒಂದು ಉತ್ತರ ಬೇಕಾಗಿ ನಾನೇ ಕಟ್ಟಿದೆನೋ? ಕತೆ ಬರೆಯುವವನಿಗೆ ಈ ಎರಡು ಕೆಲಸಗಳ ನಡುವೆ ಗೋಡೆ ಇರುವುದಿಲ್ಲ. ಎರಡು ಹಾಳೆ ಓದಲು ಎಷ್ಟು ಹೊತ್ತು ಬೇಕೆಂದು ಕೋಣೆಯಲ್ಲಿ ಕೂತು ಓದಿ ನೋಡಿದೆ. ಎರಡು ಬೀದಿ ಓಡುವುದಕ್ಕಿಂತ ಹೆಚ್ಚು ಹೊತ್ತು ಬೇಕು. ನಾನು ಆಗಲೇ ಎದ್ದಿದ್ದರೆ ಅವಳು ಬಾಗಿಲಲ್ಲಿ ನನ್ನನ್ನು ನೋಡುತ್ತಿದ್ದಳು. ನನಗೆ ತಿಳಿಯಬೇಕಾಗಿದ್ದದ್ದು ಇದೊಂದೇ: ಗೌಡರು ಬಂದದ್ದು ನಾನು ಮುಗಿಸುವುದಕ್ಕೆ ಮೊದಲೋ, ಆಮೇಲೋ.

ಗೌಡರನ್ನು ಕೇಳೋಣವೆಂದರೆ ಅವರೂ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಹೆಂಡತಿ ಮಗಳ ಊರು ಸೇರಿದ್ದಳು. ಕೇಳಿದರೂ, ಹಜಾರದಲ್ಲಿ ಆದದ್ದು ಅವಳಿಗೆ ಹೇಗೆ ಗೊತ್ತು?

ಮೂರನೆಯದನ್ನು ಬರೆಯಲು ಬಹಳ ದಿನ ಹಿಡಿಯಿತು. ಎಡಗೈ, ಎರಡು ಹಾಳೆ, ಕೋಟಿನ ಜೇಬು, ಎಲ್ಲವನ್ನೂ ಹಾಕಿದೆ. ಮುಗಿಯುವ ಹೊತ್ತಿಗೆ ಯುದ್ಧ ನಿಂತಿತ್ತು, ಪೆಟ್ರೋಲು ಮತ್ತೆ ಬರತೊಡಗಿತ್ತು. ಒಂದು ಭಾನುವಾರ ಮದ್ದೂರಿನಲ್ಲಿ ಇಳಿದಾಗ ಬಸ್ಸಿನ ಬೆನ್ನ ಮೇಲೆ ಡ್ರಮ್ಮು ಇರಲಿಲ್ಲ. ಪೆಟ್ಟಿಗೆಯೂ ಇರಲಿಲ್ಲ.

"ಸಾಬ್ರು ಎಲ್ಲಿ?" ಎಂದು ಡ್ರೈವರನ್ನು ಕೇಳಿದೆ.

"ಡ್ರಮ್ಮೇ ವೋದ್ಮೇಲೆ ಅವರ್ಗೇನ್ ಕೆಲ್ಸ ಸಾರ್? ನರಸೀಪುರದ ಕಡೆ ಯಾವ್ದೋ ರೈಸ್ ಮಿಲ್ಲಿಗೆ ವೋದ್ರು ಅಂದ್ರಪ್ಪ."

"ನನಗೆ ಏನಾದರೂ ಹೇಳಿದರಾ?"

"ನಿಮ್ಗಾ? ಇಲ್ಲ." ಅವನು ಹತ್ತಿ ಕೂತು ಬಾಗಿಲು ಎಳೆದುಕೊಂಡ. "ನಿಮ್ ಕತೆ ಕೇಳಿ ಕೇಳಿ ಸಾಕಾಗಿ ವೋದ್ರೋ ಏನೋ. ಬಸ್ಸತ್ತಿ, ಬಸ್ಸತ್ತಿ, ಈಗ ಕಾಯಂಗಿಲ್ಲ, ಐದೇ ನಿಮಿಷ."

ಎರಡು ರಜೆಯಲ್ಲಿ ನರಸೀಪುರದ ಕಡೆಯ ಮಿಲ್ಲುಗಳಲ್ಲಿ ವಿಚಾರಿಸಿದೆ. ಸಿಗಲಿಲ್ಲ.

ಕೊನೆಗೆ ಅದನ್ನು ಓದಿದ್ದು ಮಂಡ್ಯದ ಹಜಾರದಲ್ಲಿ, ಆ ಬೆಳಿಗ್ಗೆ ಅಲ್ಲಿದ್ದವರ ಎದುರಿಗೇ. ಬೇರೆ ಸಾಕ್ಷಿ ಯಾರೂ ಉಳಿದಿರಲಿಲ್ಲ. ಮುಗಿಸಿದೆ. ಒಳಗೆ ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ವಕೀಲರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ.

"ಮೇಷ್ಟ್ರೆ," ಎಂದರು, "ಇದು ಹೀಗೆ ಆಗಲಿಲ್ಲ. ನೀವು ಓದಿ ಮುಗಿಸಿದ ಮೇಲೆಯೇ ಗೌಡರು ಬಂದದ್ದು. ನನಗೆ ಚೆನ್ನಾಗಿ ನೆನಪಿದೆ."

"ಹೌದು ಹೌದು," ಎಂದರು ಕೆಮಿಸ್ಟರು, ವಕೀಲರ ಮಾತು ಮುಗಿಯುವ ಮುಂಚೆಯೇ. "ಮುಗಿಸಿದ ಮೇಲೆಯೇ. ಕಾಫಿ ಬಂದಿತ್ತು ಆಗ."

ಎಂಟು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದೇ. ಆ ಮಾತಿನ ಮೇಲೆ ಬಿದ್ದು ಅತ್ತುಬಿಡಬೇಕೆನ್ನಿಸಿತು. ಆದರೆ ಹಿಂದೆ, ಮೂರು ಹಗಲು ಹೆಂಡತಿಯ ಕೈ ಬಿಡದೆ ಕೂತಿದ್ದೆ ಎಂದು ನಾನು ಓದಿದಾಗ, ಹತ್ತಿರ ಕೂತು ನೋಡಿದವರು ಮಾತ್ರ ಬರೆಯಬಲ್ಲ ಕತೆ ಎಂದ ದನಿಯೂ ಇದೇ. ಅಂದಿನ ದನಿಗೂ ಇಂದಿನ ದನಿಗೂ ವ್ಯತ್ಯಾಸ ಹುಡುಕಿದೆ. ಸಿಗಲಿಲ್ಲ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ವಕೀಲರು ಗೇಟಿನವರೆಗೂ ನನ್ನ ಜೊತೆ ಬಂದರು. ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು.

"ನನಗೊಂದು ಉಪಕಾರ ಮಾಡಿ," ಎಂದೆ. "ಇಷ್ಟು ವರ್ಷದಲ್ಲಿ ಇಲ್ಲಿ ಎಷ್ಟೋ ಕತೆ ಓದಿದ್ದೇನೆ. ಅವುಗಳಲ್ಲಿ ಒಂದು ತಪ್ಪು ಹೇಳಿ. ಯಾವುದಾದರೂ ಆಗಬಹುದು, ಒಂದೇ ಒಂದು."

"ಯಾಕೆ?"

"ಹೇಳಿ. ಆಮೇಲೆ ನೀವು ಏನು ಹೇಳಿದರೂ ನಂಬುತ್ತೇನೆ."

ಅವರಿಗೆ ಅರ್ಥವಾಯಿತು. ಅವರು ಬುದ್ಧಿವಂತರು. ಗೇಟಿನ ಮೇಲೆ ಕೈಯಿಟ್ಟುಕೊಂಡು, ನೆಲ ನೋಡುತ್ತ, ನಿಜವಾಗಿಯೂ ಯೋಚಿಸಿದರು. ಅವರು ನನ್ನ ಒಂದೊಂದೇ ಕತೆಯನ್ನು ಎತ್ತಿ ನೋಡುತ್ತಿರುವುದು ನನಗೆ ಕಾಣುತ್ತಿತ್ತು. ಬಸರಾಳಿನ ರೈತನ ಎತ್ತುಗಳ ಹತ್ತಿರ ಸ್ವಲ್ಪ ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟು ಹೊತ್ತು ಒಬ್ಬರು ನನ್ನ ಬರಹದ ಬಗ್ಗೆ ಯೋಚಿಸಿದ್ದು ಆ ಹಜಾರದ ಇಷ್ಟು ವರ್ಷದಲ್ಲಿ ಅದೇ ಮೊದಲು.

"ಹೇಳಲೇಬೇಕು ಅಂದರೆ," ಎಂದರು, "ನಿಮ್ಮ ಅಕ್ಷರ ಸ್ವಲ್ಪ ಸಣ್ಣದಾಯಿತು."

ನಾನು ನಕ್ಕೆ. ಅವರೂ ನಕ್ಕರು, ಸಮಾಧಾನದಿಂದ. ಆಮೇಲೆ ನನ್ನ ಭುಜ ಮುಟ್ಟಿ, "ಗೌಡರು ಬಂದದ್ದು ಮುಗಿಸಿದ ಮೇಲೆಯೇ ಮೇಷ್ಟ್ರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದರು.

ಅಕ್ಷರದ ಮಾತಿಗೇ ನಿಲ್ಲಿಸಿದ್ದರೆ ನಂಬುತ್ತಿದ್ದೆನೋ ಏನೋ.

ಆಮೇಲೆ ನಾನು ಆ ಹಜಾರಕ್ಕೆ ಹೋಗಲಿಲ್ಲ. ಅವರ ಮೇಲೆ ಸಿಟ್ಟಿಲ್ಲ. ಅವರು ಹೇಳಿದ್ದು ನಿಜವೇ ಇರಬಹುದು. ನಾನು ಎಡಗೈ ಎತ್ತದೆ ಇದ್ದಿರಬಹುದು, ಕತೆಯ ಕೊನೆಯ ಮಾತು ಮುಗಿದ ಮೇಲೆಯೇ ಕರೆ ಬಂದಿರಬಹುದು, ಕಾಫಿ ಬಂದಿರಬಹುದು. ಹಾಗಿದ್ದರೆ ನನ್ನದು ತಪ್ಪಿಲ್ಲ, ಮತ್ತು ಅದನ್ನು ಕಣ್ಣಾರೆ ಕಂಡ ಇಬ್ಬರು ನನ್ನ ಮುಖಕ್ಕೆ ನೇರವಾಗಿ ಹೇಳಿದ್ದಾರೆ. ಎಂಟು ವರ್ಷ ಅವರಿಂದ ಮೆಚ್ಚುಗೆಯನ್ನು ಕೇಳಿ ಕೇಳಿ ಪಡೆದವನಿಗೆ, ಈ ಒಂದು ಮಾತನ್ನು ಮಾತ್ರ ಪಡೆದುಕೊಳ್ಳಲು ಆಗಲಿಲ್ಲ.